ಕಾಂಪೊಸಿಟ್ ಪ್ಯಾಟರ್ನ್: ಹರಪನಹಳ್ಳಿ ಯಾವ ಪಟ್ಟಿಯಲ್ಲಿದೆ?

ಒಂದು ಕ್ಲಾಸು ತನ್ನದೇ ಬೇಸ್ ಕ್ಲಾಸಿನ ಆಬ್ಜೆಕ್ಟುಗಳನ್ನು ಒಳಗಿಟ್ಟುಕೊಳ್ಳುವ ವಿನ್ಯಾಸಕ್ಕೆ ಕಾಂಪೊಸಿಟ್ ಪ್ಯಾಟರ್ನ್ ಅಂತಾರೆ. ಎಂಜಿನಿಯರಿಂಗ್‌ನಲ್ಲಿ ಫೈಲು, ಫೋಲ್ಡರ್ ತೋರಿಸಿ ಪಾಠ ಮಾಡಿದ್ದರು. ನನಗೆ ಅರ್ಥವಾಗಿದ್ದು ವಿಜಯನಗರ ಜಿಲ್ಲೆಯ ನಕ್ಷೆ ನೋಡಿ.

ಬೇಸ್ ಕ್ಲಾಸು 'ಘಟಕ' ಅಂತಿಟ್ಟುಕೊಳ್ಳಿ. ಊರು, ತಾಲ್ಲೂಕು, ಜಿಲ್ಲೆ ಎಲ್ಲವೂ ಘಟಕಗಳೇ. ತಾಲ್ಲೂಕು, ಜಿಲ್ಲೆಗಳೊಳಗೆ ಮತ್ತೆ ಘಟಕಗಳ ಪಟ್ಟಿ. ಜನಸಂಖ್ಯೆ ಎಷ್ಟೆಂದರೆ ಜಿಲ್ಲೆ ತಾಲ್ಲೂಕುಗಳನ್ನು ಕೇಳುತ್ತೆ, ಅವು ಊರುಗಳನ್ನು. ಸಿ ಪ್ಲಸ್ ಪ್ಲಸ್‌ನಲ್ಲಾದರೆ ಪಟ್ಟಿಯಲ್ಲಿ ಪಾಯಿಂಟರ್ ಇಡಿ. ಆಬ್ಜೆಕ್ಟನ್ನೇ ತುರುಕಿದರೆ ತಾಲ್ಲೂಕಿನ ವಿವರವೆಲ್ಲ ಕತ್ತರಿಸಿಹೋಗಿ ಬರೀ ಘಟಕ ಉಳಿಯುತ್ತೆ.

ಕೂಡ್ಲಿಗಿಯೊಳಗಿದ್ದ ಕೊಟ್ಟೂರು ತಾನೇ ತಾಲ್ಲೂಕಾಗಿ ಹಗರಿಬೊಮ್ಮನಹಳ್ಳಿ, ಹಡಗಲಿಗಳ ಸಾಲಿಗೆ ಬಂತು. ಪಟ್ಟಿ ಬದಲಾದರೆ ಸಾಕು, ಕ್ಲಾಸು ಮುಟ್ಟಬೇಕಿಲ್ಲ.

ಎಡವೋದು ಹರಪನಹಳ್ಳಿಯಲ್ಲಿ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ವಾಪಸ್, 2021ರಲ್ಲಿ ವಿಜಯನಗರಕ್ಕೆ. ನಡುವೆ 2012ರ ತಿದ್ದುಪಡಿಯ 371ಜೆ ಬಂತು. ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ ಬಳ್ಳಾರಿಗೆ ಸಿಕ್ಕಿತು. ದಾವಣಗೆರೆ ಪಟ್ಟಿಯಲ್ಲಿದ್ದ ಈ ತಾಲ್ಲೂಕಿನ ಹುಡುಗರಿಗೆ ಸಿಗಲಿಲ್ಲ. ಮರಳಿ ಬಳ್ಳಾರಿಗೆ ಸೇರಿದ ಮೇಲಷ್ಟೇ ಆ ಸವಲತ್ತು. ನೆಲ ಅದೇ, ಬದಲಾಗಿದ್ದು ಪೇರೆಂಟ್ ಪಾಯಿಂಟರ್ ಮಾತ್ರ!

ನಾನಾದರೆ ಆ ಹಕ್ಕನ್ನು ಜಿಲ್ಲೆಯಲ್ಲಿ ಇಡ್ತಿರಲಿಲ್ಲ, ತಾಲ್ಲೂಕಿನ ಆಬ್ಜೆಕ್ಟಿನಲ್ಲೇ ಇಡ್ತಿದ್ದೆ.