ವ್ಯವಹಾರಕ್ಕೆ ಬಂದವರು, ದುಡಿಯಲು ಬಂದವರು: ಅಮೆರಿಕದ ವೀಸಾ ಕಾನೂನಿನಲ್ಲಿ ಒಂದು ಗಡಿರೇಖೆಯ ಇತಿಹಾಸ

ಬೆಂಗಳೂರಿನಿಂದ ಕಂಪನಿಯ ಕೆಲಸದ ಮೇಲೆ ಅಮೆರಿಕಕ್ಕೆ ಹೋಗುವವರಿಗೆ ಬಿ-1 ಮತ್ತು ಎಚ್-1ಬಿ ಎಂಬ ಎರಡು ವೀಸಾಗಳು ಚಿರಪರಿಚಿತ. ಸಭೆ, ಸಮ್ಮೇಳನ, ಒಪ್ಪಂದದ ಮಾತುಕತೆಗೆ ಬಿ-1. ಅಲ್ಲಿನ ಸಂಸ್ಥೆಯಲ್ಲಿ ಸಂಬಳಕ್ಕೆ ದುಡಿಯಲು ಎಚ್-1ಬಿ. ಈ ವಿಂಗಡಣೆ ಯಾವ ಒತ್ತಡದಿಂದ ಹುಟ್ಟಿತು, ಯಾರ ಹಿತ ಕಾಯಲು ಬೆಳೆಯಿತು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ಗೆರೆ ಎಳೆದದ್ದು ಅಮೆರಿಕದ ಕಾರ್ಮಿಕರ ಕೂಲಿದರವನ್ನು ಕಾಯಲು. ಆದರೆ ಅದರ ಅಸ್ಪಷ್ಟತೆಯ ಸಂಕಟವನ್ನು ಹೆಚ್ಚಾಗಿ ಅನುಭವಿಸಿದವನು ಹೊರಗಿನಿಂದ ಬಂದ ದುಡಿಮೆಗಾರ ಎಂಬುದು ಈ ಲೇಖನದ ವಾದ.

ಕರಾರು ಕೂಲಿಗೆ ತಡೆ

ಈ ಇತಿಹಾಸವನ್ನು 1885ರ ಫೋರನ್ ಕಾಯಿದೆಯಿಂದ ಆರಂಭಿಸಬಹುದು. ಮಾಲೀಕರು ವಿದೇಶದಲ್ಲೇ ಕರಾರು ಮಾಡಿಕೊಂಡು, ಪ್ರಯಾಣದ ಖರ್ಚು ಕೊಟ್ಟು ಅಗ್ಗದ ಕೂಲಿಗಳನ್ನು ಕರೆಸುವುದರ ವಿರುದ್ಧ ನೈಟ್ಸ್ ಆಫ್ ಲೇಬರ್ ಎಂಬ ಕಾರ್ಮಿಕ ಸಂಘಟನೆ ಹೋರಾಡಿತ್ತು. ಕಾಯಿದೆ ಇಂಥ ಕರಾರುಗಳನ್ನು ನಿಷೇಧಿಸಿ, ಉಲ್ಲಂಘಿಸಿದ ಮಾಲೀಕರಿಗೆ 1,000 ಡಾಲರ್ ದಂಡ ವಿಧಿಸಿತು. ನಟರು, ಗಾಯಕರು, ಉಪನ್ಯಾಸಕರು, ಮನೆಗೆಲಸದವರಿಗೆ ವಿನಾಯಿತಿಯಿತ್ತು.

ಆ ಪಟ್ಟಿಯಲ್ಲಿ ಪಾದ್ರಿಗಳಿರಲಿಲ್ಲ. ಹೀಗಾಗಿ ಇಂಗ್ಲೆಂಡಿನಿಂದ ಪಾದ್ರಿಯೊಬ್ಬರನ್ನು ಕರೆಸಿಕೊಂಡ ನ್ಯೂಯಾರ್ಕಿನ ಹೋಲಿ ಟ್ರಿನಿಟಿ ಚರ್ಚ್ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಶಾಸಕರ ಉದ್ದೇಶ ಅಗ್ಗದ ದೈಹಿಕ ಶ್ರಮವನ್ನು ತಡೆಯುವುದೇ ಹೊರತು ಧರ್ಮೋಪದೇಶಕರನ್ನಲ್ಲ ಎಂದು 1892ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ರಟ್ಟೆಯ ದುಡಿಮೆಗೆ ಒಂದು ನ್ಯಾಯ, ಬುದ್ಧಿಯ ದುಡಿಮೆಗೆ ಇನ್ನೊಂದು ಎಂಬ ನಿಲುವಿಗೆ ಇದರಿಂದ ನ್ಯಾಯಾಲಯದ ಬೆಂಬಲ ದೊರೆಯಿತು. ಮುಂದಿನ ಎಚ್-1 ವರ್ಗದಲ್ಲೂ ಇದೇ ನಿಲುವನ್ನು ಕಾಣಬಹುದು.

ನಯಾಗರದ ಗಡಿಯಲ್ಲಿ

1924ರ ವಲಸೆ ಕಾಯಿದೆ ದೇಶವಾರು ಕೋಟಾಗಳನ್ನು ಬಿಗಿಗೊಳಿಸಿತು. ಪ್ರವಾಸ, ವ್ಯವಹಾರ, ವಿಹಾರಕ್ಕೆಂದು ತಾತ್ಕಾಲಿಕವಾಗಿ ಬರುವವರನ್ನು ಕೋಟಾದಿಂದ ಹೊರಗಿಟ್ಟಿತು. ಕೆನಡಾದಲ್ಲಿ ವಾಸವಿದ್ದು ದಿನವೂ ನಯಾಗರ ನದಿ ದಾಟಿ ಅಮೆರಿಕದಲ್ಲಿ ದುಡಿಯುತ್ತಿದ್ದವರು ಆಗ ಇಕ್ಕಟ್ಟಿಗೆ ಸಿಕ್ಕಿದರು. ಕೂಲಿಗೆ ಬರುವುದು ವ್ಯವಹಾರವಲ್ಲ ಎಂದು 1927ರಲ್ಲಿ ಕಾರ್ಮಿಕ ಇಲಾಖೆ ಆದೇಶ ಹೊರಡಿಸಿತು. ಇದರಿಂದ ಗಡಿಯಲ್ಲಿ ತಡೆಯಲ್ಪಟ್ಟ ಇಬ್ಬರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕರ್ನುತ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1929ರಲ್ಲಿ ನ್ಯಾಯಾಲಯ ಇಲಾಖೆಯ ಪರ ನಿಂತಿತು. ಸ್ಥಳೀಯ ಕಾರ್ಮಿಕರನ್ನು ಪೈಪೋಟಿಯಿಂದ ರಕ್ಷಿಸುವುದೇ ಕಾಯಿದೆಯ ಗುರಿಯಾಗಿರುವಾಗ, ಸಂಜೆ ಮನೆಗೆ ಮರಳುವ ಕೂಲಿಕಾರನೂ ಕೂಲಿಕಾರನೇ ಎಂಬುದು ತೀರ್ಪಿನ ಸಾರ. ತಂಗುವ ಅವಧಿಗಿಂತ ಮಾಡುವ ಕೆಲಸದ ಸ್ವರೂಪ ಮುಖ್ಯವೆಂಬ ತತ್ವ ಇಲ್ಲಿ ನೆಲೆಯಾಯಿತು.

ಹಾಂಗ್‌ಕಾಂಗ್ ದರ್ಜಿಯ ಅಳತೆಪಟ್ಟಿ

1952ರ ಮ್ಯಾಕರನ್–ವಾಲ್ಟರ್ ಕಾಯಿದೆ ತಾತ್ಕಾಲಿಕ ಆಗಂತುಕರನ್ನು ಅಕ್ಷರಗಳ ಗುರುತಿನ ವರ್ಗಗಳಾಗಿ ವಿಂಗಡಿಸಿತು. ವ್ಯವಹಾರಸ್ಥರು ಬಿ ವರ್ಗಕ್ಕೆ ಸೇರಿದರೆ, ವಿಶೇಷ ಯೋಗ್ಯತೆಯುಳ್ಳ ತಾತ್ಕಾಲಿಕ ಕೆಲಸಗಾರರು ಎಚ್ ವರ್ಗಕ್ಕೆ ಸೇರಿದರು. ಆದರೂ ತೊಡಕು ಉಳಿಯಿತು. ಹಾಂಗ್‌ಕಾಂಗಿನ ಹೊಲಿಗೆ ಸಂಸ್ಥೆಯೊಂದರ ನೌಕರ ಅಮೆರಿಕದಲ್ಲಿ ಗಿರಾಕಿಗಳ ಅಳತೆ ತೆಗೆದು ಆರ್ಡರ್ ಪಡೆಯುತ್ತಿದ್ದ. ಬಟ್ಟೆ ಹಾಂಗ್‌ಕಾಂಗಿನಲ್ಲಿ ಸಿದ್ಧವಾಗಿ ಬರುತ್ತಿತ್ತು. ಅಳತೆ ತೆಗೆಯುವುದು ವ್ಯವಹಾರವೋ ದುಡಿಮೆಯೋ?

ವಲಸೆ ಮೇಲ್ಮನವಿ ಮಂಡಳಿ ಇದನ್ನು ವ್ಯವಹಾರವೆಂದೇ ಪರಿಗಣಿಸಿತು. 1966ರಲ್ಲಿ ಅಟಾರ್ನಿ ಜನರಲ್ ಅದನ್ನು ಎತ್ತಿಹಿಡಿದರು. ಸಂಸ್ಥೆಯ ಮುಖ್ಯ ನೆಲೆ ಹೊರದೇಶದಲ್ಲಿತ್ತು, ಲಾಭವೂ ಅಲ್ಲೇ ಸೇರುತ್ತಿತ್ತು. ನೌಕರನ ಚಟುವಟಿಕೆ ಅಂತರರಾಷ್ಟ್ರೀಯ ವ್ಯಾಪಾರದ ಅಂಗವಾಗಿತ್ತು. ಹೀರಾ ಪ್ರಕರಣವೆಂದು ಕರೆಯಲಾಗುವ ಈ ನಿರ್ಣಯ ಇಂದಿಗೂ ಬಿ-1 ವ್ಯಾಖ್ಯಾನದ ಆಧಾರ.

ಬೆಂಗಳೂರಿನ ಪ್ರವೇಶ

ಎಚ್-1 ಹುದ್ದೆಯೇ ತಾತ್ಕಾಲಿಕ ಸ್ವರೂಪದ್ದಾಗಿರಬೇಕೆಂಬ ಷರತ್ತನ್ನು 1970ರ ತಿದ್ದುಪಡಿ ಕೈಬಿಟ್ಟಿತು. 1990ರ ಕಾಯಿದೆ ಎಚ್-1ಬಿಗೆ ವರ್ಷಕ್ಕೆ 65,000ದ ಮಿತಿ ಹಾಕಿತು; ಸ್ಥಳೀಯ ದರಕ್ಕಿಂತ ಕಡಿಮೆ ಸಂಬಳ ಕೊಡುವುದಿಲ್ಲವೆಂದು ಮಾಲೀಕ ಮೊದಲೇ ಘೋಷಿಸಬೇಕೆಂದಿತು. 1885ರ ಕಾಳಜಿ ಹೊಸ ರೂಪದಲ್ಲಿ ಮರಳಿತ್ತು.

ಇದೇ ಕಾಲದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆಯಿತು. ವೈ2ಕೆ ಸಮಸ್ಯೆ ತಂದ ಬೇಡಿಕೆಯೂ ಸೇರಿ, ಮಿತಿ 1999ರಲ್ಲಿ 1,15,000ಕ್ಕೂ 2001ರಿಂದ 2003ರವರೆಗೆ 1,95,000ಕ್ಕೂ ಏರಿ, 2004ರಲ್ಲಿ 65,000ಕ್ಕೆ ಇಳಿಯಿತು. ಕೆಲಸ ಮಾತ್ರ ಇಳಿಯಲಿಲ್ಲ. ಬಿ-1ರಲ್ಲಿ ಹೋದವರಿಂದ ಎಚ್-1ಬಿಯ ಕೆಲಸ ಮಾಡಿಸಲಾಯಿತೆಂಬ ಆರೋಪದ ಪ್ರಕರಣದಲ್ಲಿ ಇನ್ಫೋಸಿಸ್ 2013ರಲ್ಲಿ 3.4 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ವ್ಯವಸ್ಥಿತ ವಂಚನೆಯ ಆರೋಪವನ್ನು ಅದು ಒಪ್ಪಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷರು ಹೊಸ ಎಚ್-1ಬಿ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ಘೋಷಿಸಿದರು.

ಸಮಾರೋಪ

ಈ ಇತಿಹಾಸದುದ್ದಕ್ಕೂ ಕಾನೂನು ಕೇಳಿದ ಪ್ರಶ್ನೆಗಳು ಒಂದೇ: ಸಂಬಳ ಎಲ್ಲಿಂದ, ಲಾಭ ಯಾರಿಗೆ, ಸ್ಥಳೀಯನ ಕೆಲಸಕ್ಕೆ ಕುತ್ತೇ? ಇವು ನ್ಯಾಯವಾದ ಪ್ರಶ್ನೆಗಳೇ. ಆದರೆ ಉತ್ತರ ಸಿದ್ಧಪಡಿಸುವುದು ಮಾಲೀಕ, ಗಡಿಯಲ್ಲಿ ಅದಕ್ಕೆ ಹೊಣೆಯಾಗುವುದು ನೌಕರ. 2000ದ ಕಾಯಿದೆ ಎಚ್-1ಬಿ ನೌಕರರಿಗೆ ಮಾಲೀಕರನ್ನು ಬದಲಿಸುವ ಹಾದಿ ಸುಗಮಗೊಳಿಸಿತು. 2017ರ ನಿಯಮ ಕೆಲಸ ಕಳೆದುಕೊಂಡವರಿಗೆ ಅಲ್ಲೇ ಉಳಿಯಲು 60 ದಿನಗಳವರೆಗೆ ಅವಕಾಶ ಕೊಟ್ಟಿತು. ಇಷ್ಟರಿಂದ ಅಸಮತೋಲ ನೀಗದು. ವಿದೇಶಕ್ಕೆ ಕಳಿಸುವ ಪ್ರತಿ ಸಂಸ್ಥೆಯೂ ನೌಕರ ಅಲ್ಲಿ ಮಾಡಬೇಕಾದ ಕೆಲಸವನ್ನೂ ವೀಸಾದ ಮಿತಿಯನ್ನೂ ಪ್ರಯಾಣಕ್ಕೆ ಮುನ್ನವೇ ಬರೆದು ಕೊಡಬೇಕು; ನೌಕರರು ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು.