ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಯಲ್ಲಿ ವೈಜ್ಞಾನಿಕ ಸಂಶೋಧನೆಯ ಇತಿಹಾಸ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳು ಮಳೆಯ ಒಂದು ಇಳಿಜಾರಿನ ಮೇಲೆ ಕುಳಿತಿವೆ. ಜೋಯಿಡಾದ ಪಶ್ಚಿಮದ ಅಂಚಿನ ಕ್ಯಾಸಲ್‌ರಾಕ್‌ನಲ್ಲಿ ಮುಂಗಾರು ಎಡೆಬಿಡದೆ ಸುರಿಯುತ್ತದೆ. ಪೂರ್ವಕ್ಕೆ ಸರಿದಂತೆ ಮಳೆ ಕಡಿಮೆಯಾಗುತ್ತ, ಮುಂಡಗೋಡ ದಾಟುವಷ್ಟರಲ್ಲಿ ಹಾನಗಲ್ಲ, ಶಿಗ್ಗಾವಿಗಳ ಬಯಲು ಎದುರಾಗುತ್ತದೆ. ಒಂದು ದಿನದ ಪಯಣದೊಳಗೆ ನಿತ್ಯಹಸಿರಿನ ದಟ್ಟಡವಿ, ಸಾಗವಾನಿ ಮತ್ತು ಮತ್ತಿಯ ಎಲೆಯುದುರುವ ಕಾಡು, ಕೂರಿಗೆಯಲ್ಲಿ ಬಿತ್ತಿದ ಭತ್ತದ ಹೊಲ ಮೂರೂ ಸಿಗುತ್ತವೆ. ಹವಾಮಾನ, ಕಲ್ಲು, ಕಾಡು, ಬೆಳೆ, ಮನುಷ್ಯ ಇವುಗಳ ಸಂಬಂಧವನ್ನು ಅಳೆದು ನೋಡಲು ಇಷ್ಟು ಅನುಕೂಲವಾದ ಸೀಮೆ ಕರ್ನಾಟಕದಲ್ಲಿ ವಿರಳ. ಆದರೂ ಇಲ್ಲಿಗೆ ವಿಜ್ಞಾನವನ್ನು ಮೊದಲು ಕರೆತಂದದ್ದು ಮರದ ಬೆಲೆ.

ಲೆಕ್ಕಕ್ಕೆ ಸಿಕ್ಕ ಕಾಡು

1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಯಲ್ಲಾಪುರ, ಸೋಂದಾಗಳ ಮೂಲಕ ಹಾದು ಈ ಭಾಗದ ಬೇಸಾಯ ಮತ್ತು ಕಾಡನ್ನು ಬರೆದಿಟ್ಟ. 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ ಹ್ಯೂ ಕ್ಲೆಗಾರ್ನ್ ವೈದ್ಯ, ಸಸ್ಯವಿಜ್ಞಾನಿ. ಕಾಡು ಕಡಿದು ಸುಟ್ಟು ಒಂದೆರಡು ವರ್ಷ ರಾಗಿ ಬೆಳೆದು ಮುಂದೆ ಸಾಗುವ ಕುಮರಿ ಬೇಸಾಯದಿಂದ ಬೆಲೆಬಾಳುವ ಮರ ನಾಶವಾಗುತ್ತದೆಂದು ಅವನು ವಾದಿಸಿದ. 1860ರಲ್ಲಿ ಸರ್ಕಾರ ಕುಮರಿಗೆ ಕಡಿವಾಣ ಹಾಕಿತು. ಎರಡು ವರ್ಷದಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು, ನಿರ್ಬಂಧ ಅಲ್ಲಿಯೂ ಮುಂದುವರಿಯಿತು. ಸಂಶೋಧನೆಯ ಹೆಸರಿನಲ್ಲಿ ಬಂದ ಈ ತೀರ್ಮಾನದ ಭಾರ ಬಿದ್ದದ್ದು ಅಂದಿನ ಸೂಪಾ ತಾಲ್ಲೂಕಿನ, ಎಂದರೆ ಇಂದಿನ ಜೋಯಿಡಾದ, ಕುಮರಿ ಬೇಸಾಯದ ಕುಣಬಿಗಳ ಮೇಲೆ. ಕಾಡಿನ ಮರಕ್ಕೆ ಸಿಕ್ಕ ಲೆಕ್ಕ ಕಾಡಿನೊಳಗಿನ ಊಟಕ್ಕೆ ಸಿಗಲಿಲ್ಲ.

ಅರಣ್ಯಾಧಿಕಾರಿಗಳಲ್ಲೇ ಕೆಲವರು ಮರದ ಬೆಲೆಯಾಚೆಗೂ ನೋಡಿದರು. ಉತ್ತರ ಕನ್ನಡದಲ್ಲಿ ಕೆಲಸ ಮಾಡಿದ ಡಬ್ಲ್ಯು. ಎ. ಟಾಲ್ಬಟ್ ಬರೆದ ಮುಂಬಯಿ ಪ್ರಾಂತದ ಅರಣ್ಯ ಸಸ್ಯಗಳ ಎರಡು ಸಂಪುಟಗಳು 1909 ಮತ್ತು 1911ರಲ್ಲಿ ಹೊರಬಂದವು. ಕಲೆಕ್ಟರ್ ಜೆ. ಡೇವಿಡ್‌ಸನ್, ಅರಣ್ಯಾಧಿಕಾರಿ ಟಿ. ಆರ್. ಬೆಲ್, ಸುಂಕದ ಇಲಾಖೆಯ ಇ. ಎಚ್. ಏಟ್ಕೆನ್ ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಮೇಲೆ ಬರೆದ ಲೇಖನಮಾಲೆ 1890ರ ದಶಕದಲ್ಲಿ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಚಿಟ್ಟೆ ಹಿಡಿದು ಸೂಜಿಗೆ ಚುಚ್ಚಿಡುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಯಾವ ಹುಳ ಯಾವ ಗಿಡದ ಎಲೆ ತಿನ್ನುತ್ತದೆ, ಕೋಶ ಹೇಗೆ ಕಟ್ಟುತ್ತದೆ ಎಂಬುದನ್ನು ಸಾಕಿ ನೋಡಿ ಬರೆದರು. ಭಾರತದ ಚಿಟ್ಟೆಗಳ ಆಹಾರ ಸಸ್ಯಗಳನ್ನು ಕುರಿತು ಇಂದು ತಿಳಿದಿರುವುದರ ದೊಡ್ಡ ಪಾಲು ಈ ಜಿಲ್ಲೆಯ ಕಾಡಿನಿಂದ ಆರಂಭವಾದದ್ದು. ಬೆಲ್ ನಿವೃತ್ತಿಯ ನಂತರವೂ ಕಾರವಾರದಲ್ಲೇ ನೆಲೆಸಿ 1948ರಲ್ಲಿ ಅಲ್ಲಿಯೇ ತೀರಿಕೊಂಡರು.

ಕಲ್ಲು ಮತ್ತು ಮಳೆಯ ದಾಖಲೆ

ಭೂವಿಜ್ಞಾನದಲ್ಲಿ ಮೊದಲ ಹೆಸರು ರಾಬರ್ಟ್ ಬ್ರೂಸ್ ಫೂಟ್ ಅವರದು. ದಕ್ಷಿಣ ಮರಾಠಾ ಸೀಮೆ ಮತ್ತು ಸುತ್ತಲಿನ ಜಿಲ್ಲೆಗಳ ಶಿಲೆಗಳ ಮೇಲಿನ ಅವರ ವರದಿ 1876ರಲ್ಲಿ ಪ್ರಕಟವಾಯಿತು. ಮುಂದೆ ಅವರೇ ಗುರುತಿಸಿದ ಧಾರವಾಡ ಶಿಲಾಸಮೂಹ ಭಾರತದ ಅತಿ ಹಳೆಯ ಶಿಲೆಗಳ ಅಧ್ಯಯನಕ್ಕೆ ಬುನಾದಿಯಾಯಿತು. ಜೋಯಿಡಾ ಭಾಗದ ಮ್ಯಾಂಗನೀಸ್ ಅದಿರು ಇದೇ ಪ್ರಾಚೀನ ಶಿಲೆಗಳ ಕೊಡುಗೆ.

ಇಲ್ಲಿನ ಕಲ್ಲು ಹೇಳಿದ ಅತ್ಯಂತ ಸ್ವಾರಸ್ಯದ ಮಾತು ಮಳೆಯ ಕುರಿತಾದದ್ದು. ಚನ್ನಬಸವಣ್ಣನವರ ಸಮಾಧಿಯಿರುವ ಉಳವಿಯ ಸುತ್ತ ಸುಣ್ಣಕಲ್ಲಿನ ಗವಿಗಳಿವೆ. ಗವಿಯ ಸೂರಿನಿಂದ ತೊಟ್ಟಿಕ್ಕುವ ನೀರಿನಲ್ಲಿ ಕರಗಿರುವ ಸುಣ್ಣ ನೆಲದ ಮೇಲೆ ಪದರಪದರವಾಗಿ ಕಟ್ಟುತ್ತ ಗೂಟದಂತೆ ಮೇಲೇಳುತ್ತದೆ. ಉತ್ತರ ಕನ್ನಡದ ಆಕಳಗವಿಯಲ್ಲಿ ಸಿಕ್ಕ ಅಂಥ ಒಂದು ಗೂಟವನ್ನು ಎಂ. ಜಿ. ಯಾದವ, ಆರ್. ರಮೇಶ್ ಮತ್ತು ಜಿ. ಬಿ. ಪಂತ್ ಪರೀಕ್ಷಿಸಿದರು. ವರ್ಷಕ್ಕೊಂದರಂತೆ ಬೆಳೆದ ಪದರಗಳನ್ನು ಎಣಿಸಿದಾಗ ಅದರ ವಯಸ್ಸು 331 ವರ್ಷ. ಆಮ್ಲಜನಕದ ಪರಮಾಣುಗಳಲ್ಲಿ ಹಗುರವಾದವೂ ಭಾರವಾದವೂ ಉಂಟು. ಜೋರು ಮಳೆಯ ವರ್ಷದ ನೀರಿನಲ್ಲಿ ಭಾರದವುಗಳ ಪಾಲು ಕಡಿಮೆ. ಆ ಪಾಲು ಸುಣ್ಣದ ಪದರದಲ್ಲಿ ಹಾಗೆಯೇ ಉಳಿಯುವುದರಿಂದ, ಇಲ್ಲಿಗೆ ಮಳೆಮಾಪಕ ಬರುವ ಮೊದಲಿನ ಕಾಲದಲ್ಲೂ ಯಾವ ಅವಧಿಯಲ್ಲಿ ಮುಂಗಾರು ಚೆನ್ನಾಗಿತ್ತು, ಯಾವಾಗ ಕೈಕೊಟ್ಟಿತು ಎಂದು ಊಹಿಸಬಹುದು. 2004ರಲ್ಲಿ 'ದಿ ಹೊಲೊಸೀನ್' ಪತ್ರಿಕೆಯಲ್ಲಿ ಪ್ರಕಟವಾದ ಈ ಅಧ್ಯಯನ 17ನೇ ಶತಮಾನದಿಂದ ಈಚಿನ ಮುಂಗಾರಿನ ಏರಿಳಿತವನ್ನು ತೆರೆದಿಟ್ಟಿತು.

ಇದಕ್ಕೂ ಹಿಂದಿನ ಕಾಲವನ್ನು ತೋರಿಸಿದ್ದು ಸಮುದ್ರದ ಕೆಸರು. ಹೊಳೆಗಳು ಘಟ್ಟದ ಕಾಡಿನ ಪರಾಗವನ್ನು ಹೊತ್ತೊಯ್ದು ಕಡಲ ತಳದಲ್ಲಿ ಬಿಡುತ್ತವೆ. ಕಾರವಾರದ ಆಚೆ ತೆಗೆದ ಕೆಸರಿನ ಮಾದರಿಗಳಲ್ಲಿ ಆ ಪರಾಗವನ್ನು ಓದಿದ ಫ್ರೆಂಚ್ ವಿಜ್ಞಾನಿ ಕರಾತಿನಿ ಮತ್ತು ಸಂಗಡಿಗರು, ಸುಮಾರು 3,500 ವರ್ಷಗಳಿಂದ ಈಚೆಗೆ ಇಲ್ಲಿನ ಹವೆಯಲ್ಲಿ ತೇವ ಕಡಿಮೆಯಾಯಿತೆಂದು 1994ರಲ್ಲಿ ಬರೆದರು. ಇಂದಿನ ಕಾಡು ಅನಾದಿಯಿಂದ ಹೀಗೆಯೇ ಇತ್ತೆಂಬ ನಂಬಿಕೆಯನ್ನು ಅದು ಸಡಿಲಿಸಿತು.

ಬಿದಿರಿನ ಪ್ರಶ್ನೆ

ಈ ಸೀಮೆಯ ವಿಜ್ಞಾನದ ದಿಕ್ಕು ಬದಲಿಸಿದ್ದು ಬಿದಿರು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನ ದಾಂಡೇಲಿ ಕಾರ್ಖಾನೆಗೆ ಸರ್ಕಾರ ಕಾಡಿನ ಬಿದಿರನ್ನು ನಾಮಮಾತ್ರದ ಬೆಲೆಗೆ ಕೊಟ್ಟಿತು. ಬುಟ್ಟಿ ಹೆಣೆದು ಬದುಕುವ ಮೇದಾರರು ಅದೇ ಬಿದಿರಿಗೆ ಸಂತೆಯ ದರ ತೆರಬೇಕಿತ್ತು. ಎಂದೂ ಮುಗಿಯದೆಂದು ಅಂದಾಜಿಸಿದ್ದ ಬಿದಿರು ಎರಡು ದಶಕದೊಳಗೆ ಬರಿದಾಗತೊಡಗಿತು. ಮೇದಾರರ ದೂರು ಸರ್ಕಾರದವರೆಗೆ ಹೋಯಿತು. ಕಾರಣ ಹುಡುಕಲು 1975ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರನ್ನು ಕೇಳಿಕೊಳ್ಳಲಾಯಿತು. ಎಸ್. ನರೇಂದ್ರ ಪ್ರಸಾದ್ ಅವರೊಡನೆ ಗಾಡ್ಗೀಳರು ಕಾಡಿಗಿಳಿದು ಮೆಳೆಗಳನ್ನು ಎಣಿಸಿದರು.

ಕಡಿಯಲು ಸಲೀಸಾಗಲಿ, ಮೆಳೆ ಚೊಕ್ಕಟವಾಗಿರಲಿ ಎಂದು ಬುಡದ ಮುಳ್ಳುಹೊದಿಕೆಯನ್ನು ಸವರಿ ತೆಗೆಯುವ ಪದ್ಧತಿ ಆಗ ನಡೆದಿತ್ತು. ಬಿದಿರು ದಟ್ಟೈಸದೆ ನೇರವಾಗಿ ಬೆಳೆಯಲು ಅದು ಒಳ್ಳೆಯದೆಂಬ ನಂಬಿಕೆ. ಹಳ್ಳಿಯವರು ಬೇರೆಯೇ ಹೇಳಿದರು: ಮುಳ್ಳು ಹೋದರೆ ಎಳೆಯ ಕಳಲೆ ದನಕ್ಕೂ ಕಾಡುಪ್ರಾಣಿಗೂ ಬಾಯಿಗೆಟಕುತ್ತದೆ, ಮೆಳೆ ಏಳುವುದಿಲ್ಲ. ಅಳತೆ ಮಾಡಿ ನೋಡಿದಾಗ ಹಳ್ಳಿಯವರ ಮಾತೇ ನಿಜವಾಯಿತು. ಕಾಡಿನ ವಿಜ್ಞಾನವನ್ನು ಓದದೆಯೇ ಮೆಳೆಯ ಬದುಕನ್ನು ಬಲ್ಲವರು ಅಲ್ಲಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೇ. ಬಿದಿರಿನ ಎರಡು ಜಾತಿಗಳ ಜೀವನಕ್ರಮದ ಮೇಲೆ ಗಾಡ್ಗೀಳ್ ಮತ್ತು ಪ್ರಸಾದ್ ಬರೆದ ಪ್ರಬಂಧ 1984ರಲ್ಲಿ 'ಬಯೋಟ್ರೋಪಿಕಾ' ಪತ್ರಿಕೆಯಲ್ಲಿ ಬಂತು. ಕಾಡನ್ನು ಬಳಸುವವರ ತಿಳಿವಳಿಕೆಯನ್ನೂ ಪುರಾವೆಯೆಂದು ಎಣಿಸುವ ಪರಿಸರ ಅಧ್ಯಯನ ಕರ್ನಾಟಕದಲ್ಲಿ ಗಟ್ಟಿಯಾದದ್ದು ಈ ಕೆಲಸದಿಂದ ಎಂದು ಹೇಳಬಹುದು. 1983ರಲ್ಲಿ ಸಂಸ್ಥೆಯೊಳಗೆ ಆರಂಭವಾದ ಪರಿಸರ ವಿಜ್ಞಾನ ಕೇಂದ್ರ ಕುಮಟಾದಲ್ಲಿ ಕ್ಷೇತ್ರಠಾಣೆ ಇಟ್ಟುಕೊಂಡು ಜಿಲ್ಲೆಯ ಅಧ್ಯಯನ ಮುಂದುವರಿಸಿತು. ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಿಂದ ಕಂಡುಕೊಂಡಂತೆ, ಜಿಲ್ಲೆಯ ನಿತ್ಯಹಸಿರು ಮತ್ತು ಅರೆ ನಿತ್ಯಹಸಿರು ಕಾಡು 1973ರಲ್ಲಿ ಶೇ. 67.73 ಇದ್ದದ್ದು 2013ಕ್ಕೆ ಶೇ. 32.08ಕ್ಕೆ ಇಳಿದಿತ್ತು.

ಹೊಳೆ, ಹಕ್ಕಿ, ಕಪ್ಪೆ

ಕಾಳಿ ಹೊಳೆಗೆ ಕಟ್ಟಿದ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ಹಳೆಯ ಸೂಪಾ ಊರು ಮುಳುಗಿತು. ಅದೇ ಹೊಳೆಯ ಮೇಲೆ ಸಾಲಾಗಿ ಕಟ್ಟಿದ ಅಣೆಕಟ್ಟುಗಳು, ದಾಂಡೇಲಿಯ ಕಾರ್ಖಾನೆಗಳ ತ್ಯಾಜ್ಯ ಇವು ನೀರಿನ ಅಧ್ಯಯನಕ್ಕೆ ಕಾರಣವಾದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು ದಾಂಡೇಲಿಯ ಸುತ್ತ ಕಾಳಿಯ ಪಾಚಿಗಳನ್ನು ಪರೀಕ್ಷಿಸಿ ಮಾಲಿನ್ಯದ ಪರಿಣಾಮ ಗುರುತಿಸಿದರು.

1956ರಲ್ಲಿ ದಾಂಡೇಲಿ ವನ್ಯಧಾಮ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ ಘೋಷಣೆಯಾದವು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಎಂಬ ಹೆಸರು ಪಡೆದವು. ದಾಂಡೇಲಿಯಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿವೆ. ಹೆಣ್ಣು ಹಳೆಯ ಮರದ ಪೊಟರೆಯೊಳಗೆ ತನ್ನನ್ನೇ ಮುಚ್ಚಿಕೊಂಡು ಮೊಟ್ಟೆಯಿಡುವುದರಿಂದ ದೊಡ್ಡ ಮರ ಉಳಿಯದೆ ಈ ಹಕ್ಕಿ ಉಳಿಯದು. 2011ರಲ್ಲಿ ಮಂಗಟ್ಟೆಗಳಿಗೆಂದೇ ಇಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಲಾಯಿತು. 2005ರಲ್ಲಿ ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ ಕುಂಟೆ ಕ್ಯಾಸಲ್‌ರಾಕ್‌ನಿಂದ ಹೊಸ ಇರುಳುಗಪ್ಪೆಯೊಂದನ್ನು ವರ್ಣಿಸಿ 'ನಿಕ್ಟಿಬಟ್ರಾಕಸ್ ಪೆಟ್ರಿಯಸ್' ಎಂದು ಹೆಸರಿಟ್ಟರು. ರೈಲು ನಿಲ್ದಾಣದ ಪಕ್ಕದ ಕಾಡಿನಲ್ಲೂ ಜಗತ್ತು ಅರಿಯದ ಜೀವಿಯಿತ್ತು.

ಹೊಲದ ಸಂಶೋಧನೆ

ಹಳಿಯಾಳ, ಮುಂಡಗೋಡಗಳಲ್ಲಿ ಭತ್ತ ನಾಟಿಯ ಬೆಳೆ ಮಾತ್ರವಲ್ಲ. ಮೊದಲ ಮಳೆಗೆ ಒಣನೆಲದಲ್ಲಿ ಕೂರಿಗೆ ಹೊಡೆದು ಬಿತ್ತುವುದು ಇಲ್ಲಿನ ರೂಢಿ. ಮಳೆ ತಡವಾದರೂ ತಾಳಬೇಕು, ಹೆಚ್ಚಾದರೂ ಕೊಳೆಯಬಾರದು, ಕಳೆಯನ್ನೂ ಮೀರಬೇಕು. ಇಂಥ ನೆಲಕ್ಕೆ ಬೇಕಾದ ತಳಿಗಳ ಮೇಲೆ ಧಾರವಾಡದ ಬಳಿಯ ಮುಗದ ಸಂಶೋಧನಾ ಕೇಂದ್ರ ದೀರ್ಘಕಾಲ ಕೆಲಸ ಮಾಡಿದೆ. 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾಗಿ ಆ ಕೇಂದ್ರ ಅದರಡಿ ಬಂತು. ಹಳಿಯಾಳದ ಹೊಲಗಳಿಗೆ ಈಚೆಗೆ ಕಬ್ಬು, ಗೋವಿನಜೋಳ ನುಗ್ಗಿವೆ. ಇತ್ತ ಜೋಯಿಡಾದ ಕುಣಬಿಗಳು ಮನೆಯಂಗಳದಲ್ಲಿ ಉಳಿಸಿಕೊಂಡ ಗಡ್ಡೆ-ಗೆಣಸುಗಳ ವೈವಿಧ್ಯವನ್ನು ಅಲ್ಲಿನ ಗಡ್ಡೆ-ಗೆಣಸು ಮೇಳ ಹೊರಜಗತ್ತಿಗೆ ತೋರಿಸಿದೆ. ಕುಮರಿ ಕಳೆದುಕೊಂಡ ಜನರೇ ಈ ತಳಿಗಳ ಕಣಜವಾದದ್ದನ್ನು ಗಮನಿಸಬೇಕು.

ಜೀವಕೋಶದೊಳಗಿನ ಚರಿತ್ರೆ

ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೋಯಿಡಾಗಳ ಸಿದ್ದಿಗಳು ಆಫ್ರಿಕಾ ಮೂಲದವರು. ಪೋರ್ಚುಗೀಸರ ಗುಲಾಮ ವ್ಯಾಪಾರದ ದಾಖಲೆಗಳಲ್ಲಿ ಅವರ ಪೂರ್ವಿಕರು ಬರಿಯ ಸರಕು. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕೆ. ತಂಗರಾಜ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ವಂಶವಾಹಿಗಳನ್ನು ಹೋಲಿಸಿತು. ತಾಯಿಯ ಕಡೆಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್ಎ ಮತ್ತು ತಂದೆಯಿಂದ ಮಗನಿಗೆ ಸಾಗುವ ವೈ ವರ್ಣತಂತು ಎರಡೂ ಸಹರಾದ ದಕ್ಷಿಣದ ಬಾಂಟು ಭಾಷಿಕರನ್ನು ತೋರಿಸಿದವು. ಇಲ್ಲಿನ ನೆರೆಹೊರೆಯವರೊಡನೆ ರಕ್ತಸಂಬಂಧ ಬೆಳೆದದ್ದು ಸುಮಾರು ಎಂಟು ತಲೆಮಾರಿನ ಒಳಗೆ. ಯಾರೂ ಬರೆದಿಡದ ಚರಿತ್ರೆಗೆ ಇದರಿಂದ ಒಂದು ಆಧಾರ ಸಿಕ್ಕಿತು. ಆದರೆ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ 2003ರಲ್ಲೇ ದೊರೆತಿತ್ತು. ಅದು ಪ್ರಯೋಗಾಲಯದ ಫಲವಲ್ಲ, ಅವರದೇ ಹೋರಾಟದ್ದು.

ಹೊರಗಿನಿಂದ ಬಂದು ಈ ಸೀಮೆಯಲ್ಲಿ ನೆಲೆಸಿದ ಇನ್ನೊಂದು ಸಮುದಾಯ ಟಿಬೆಟಿಯನ್ನರದು. ಮುಂಡಗೋಡದಲ್ಲಿ 1966ರಲ್ಲಿ ಅವರ ನಿರಾಶ್ರಿತ ಶಿಬಿರ ಆರಂಭವಾಯಿತು. ಡ್ರೆಪುಂಗ್, ಗಂದೆನ್ ಮಹಾವಿಹಾರಗಳು ಇಲ್ಲಿ ಮರುಹುಟ್ಟು ಪಡೆದವು. 2013ರ ಜನವರಿಯಲ್ಲಿ ಡ್ರೆಪುಂಗ್‌ನಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ನಡೆದ 'ಮೈಂಡ್ ಅಂಡ್ ಲೈಫ್' ಸಂವಾದಕ್ಕೆ ಭೌತವಿಜ್ಞಾನಿಗಳು, ನರವಿಜ್ಞಾನಿಗಳು, ಸಾವಿರಾರು ಭಿಕ್ಷುಗಳು ಸೇರಿದ್ದರು. ಮರುವರ್ಷದಿಂದ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಅಧ್ಯಾಪಕರು ಈ ವಿಹಾರಗಳಲ್ಲಿ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನಗಳ ಪಾಠ ಆರಂಭಿಸಿದರು. ಪಠ್ಯಗಳು ಟಿಬೆಟಿಯನ್ ಮತ್ತು ಇಂಗ್ಲಿಷ್ ಎರಡರಲ್ಲೂ ಸಿದ್ಧವಾದವು. ತರ್ಕಶಾಸ್ತ್ರದಲ್ಲಿ ಪಳಗಿದ ಭಿಕ್ಷುಗಳು ಜೀವಕೋಶಕ್ಕೆ ಅರಿವು ಉಂಟೇ, ಎಲ್ಲಿಂದ ಎಲ್ಲಿಯವರೆಗೆ ಜೀವವೆನ್ನಬೇಕು ಎಂಬ ಪ್ರಶ್ನೆಗಳನ್ನು ಚಪ್ಪಾಳೆ ತಟ್ಟಿ ವಾದಿಸುವ ತಮ್ಮ ಅಂಗಣಕ್ಕೆ ಒಯ್ದರೆ, ಗುರುಗಳಾಗಿ ಬಂದ ವಿಜ್ಞಾನಿಗಳೂ ಉತ್ತರಕ್ಕೆ ತಡಕಾಡಬೇಕಾಗುತ್ತದೆ.