ರಿಜಿಸ್ಟರಿನಲ್ಲಿ ಇಲ್ಲದ ದುಡಿಮೆ

ಫ್ರಾನ್ಸಿನಲ್ಲಿ 1982ರಲ್ಲಿ ಮಿತ್ತರಾಂ ಸರ್ಕಾರ ನಿವೃತ್ತಿ ವಯಸ್ಸನ್ನ 65ರಿಂದ 60ಕ್ಕೆ ಇಳಿಸಿತು. 2010ರಲ್ಲಿ 62 ಅಂದ್ರು. 2023ರಲ್ಲಿ, ಲಕ್ಷಾಂತರ ಜನ ಬೀದಿಗಿಳಿದರೂ, ಮ್ಯಾಕ್ರಾನ್ ಸರ್ಕಾರ ಕೆಳಮನೆಯಲ್ಲಿ ಮತಕ್ಕೇ ಹಾಕದೆ 64ಕ್ಕೆ ಏರಿಸೋ ಕಾನೂನು ತಂದಿತು.

ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಎಳವೆಯಲ್ಲೇ ದುಡಿಮೆಗೆ ಬಿದ್ದವರು ಬೇಗ ಬಿಡಬಹುದು ಅಂತ 2003ರ ಕಾನೂನಿನಲ್ಲೇ ಇತ್ತು. ಈಗಲೂ ಉಳಿದಿದೆ: 16 ತುಂಬೋ ಮೊದಲೇ ಶುರು ಮಾಡಿದವರಿಗೆ 58. ಆದರೆ ವರ್ಷಗಟ್ಟಲೆ ವಂತಿಗೆ ಕಟ್ಟಿದ್ದಕ್ಕೆ ಲೆಕ್ಕ ಇರಬೇಕು.

ಲೆಕ್ಕ! ಗುಮಾಸ್ತನಾದ ನಾನು ದಿನಾ ಸರ್ವಿಸ್ ರಿಜಿಸ್ಟರ್ ಬರೀತೀನಿ. ನಮ್ಮವ್ವ ಹತ್ತು ವರ್ಷಕ್ಕೇ ಗೌಡರ ಹೊಲದಲ್ಲಿ ಕಳೆ ಕೀಳೋಕೆ ಹೋದೋಳು. ಅದನ್ನ ಯಾರೂ ಎಲ್ಲೂ ಬರೆದಿಡಲಿಲ್ಲ. ನನಗೆ 60ಕ್ಕೆ ನಿವೃತ್ತಿ. ಅವ್ವ ಇವತ್ತೂ ಕೂಲಿಗೆ ಹೋಗಿದ್ದಾಳೆ.